ತಂಗೀ, ಟೈಮ್ ಎಲ್ಲಿಂದ ತರ್ಲಿ ಅಂದಿ ಅಲ್ಲ

ತಂಗೀ, ನಿನ್ನ ಮೆಸೇಜು ಮುಂಜಾನೇನ ನೋಡಿದ್ದೆ. ಟೈಪ್ ಮಾಡಾಕ ಕೈ ಖಾಲಿ ಇರ್ಲಿಲ್ಲ. ಈಗ ಹುಡುಗ ಮಲಗ್ಯಾನ, ಅದಕ್ಕ ಮಾತಾಡೇ ಕಳಸ್ತೀನಿ. ಉದ್ದ ಆಗ್ತೈತಿ, ರೊಟ್ಟಿ ಬಡಿಯುವಾಗ ಹಚ್ಕೊಂಡು ಕೇಳು. ಉಳಿದ ಅಕ್ಕಾರೂ ಕೇಳ್ರಿ. ಇದು ತಾಯಂದಿರ ಗ್ರೂಪು, ಗಂಡಸರು ಯಾರೂ ಇಲ್ಲ ಅಂತ ತಿಳ್ಕೊಂಡೇ ಮಾತಾಡಾಕತ್ತೀನಿ.

ನೀ ಹೇಳಿದ್ದು ಇಷ್ಟು. ಎಚ್‌ಬಿಎ1ಸಿ, ಅಂದ್ರ ಮೂರು ತಿಂಗಳ ಸರಾಸರಿ ಸಕ್ಕರಿ ತೋರಸೋ ರಕ್ತ ಪರೀಕ್ಷೆ, 6.1 ಬಂದೈತಿ, ಬಾರ್ಡರ್ ಶುಗರ್, ದಿನಾ ಮುಕ್ಕಾಲು ತಾಸು ನಡೀರಿ ಅಂದ್ರು ಡಾಕ್ಟರ್. ಏಳು ವರ್ಷದ ಮಗಗ ಆಟಿಸಂ, ರಾತ್ರಿ ಎರಡಕ್ಕ ಏಳ್ತಾನ, ಗೇಟ್ ತೆಗೆದ್ರ ಓಡ್ತಾನ. ಮುಕ್ಕಾಲು ತಾಸು ಎಲ್ಲಿಂದ ತರ್ಲಿ ಅಕ್ಕಾ ಅಂತ ಕೇಳಿದಿ. ಅದರ ಕೆಳಗ ಒಬ್ಬಾಕಿ, ಹೆಸರು ಬ್ಯಾಡ, "ಇಂಥಾ ಮಕ್ಕಳನ್ನ ಸಾಕೋದೇ ದೊಡ್ಡ ಎಕ್ಸರ್‌ಸೈಜ್, ಬ್ಯಾರೆ ಯಾಕ ಬೇಕು" ಅಂತ ಬರದು ನಗೋ ಇಮೋಜಿ ಹಾಕ್ಯಾಳ. ನಾ ಮೊದಲ ಆ ಮಾತಿಗೇ ಬರ್ತೀನಿ. ಸಿಟ್ಟಿಗೆ ಅಲ್ಲವ್ವಾ. ನಾನೂ ಐದು ವರ್ಷ ಹಂಗೇ ಹೇಳ್ಕೊಂತ ಬಂದಾಕಿ.

ನಮ್ಮ ಹುಡುಗಗ ಈಗ ಒಂಬತ್ತು. ಸೆರೆಬ್ರಲ್ ಪಾಲ್ಸಿ, ಅಂದ್ರ ಮೆದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕ ಬರಂಗಿಲ್ಲ, ಎರಡೂ ಕಾಲು ಬಿಗಿ, ತೂಕ 21 ಕೆಜಿ. ಹಾಸಿಗಿಂದ ಕುರ್ಚಿಗೆ, ಕುರ್ಚಿಂದ ಬಚ್ಚಲಕ್ಕ, ಮತ್ತ ಹಾಸಿಗಿಗೆ, ದಿನಕ್ಕ ಹದಿನೈದು ಸಲ ಆದ್ರೂ ಎತ್ತತೀನಿ. ಇಷ್ಟು ಎತ್ತಾಕಿ ಪೈಲ್ವಾನ್ ಆಗಿರಬೇಕಿತ್ತಲ್ಲ? ಹ್ವಾದ ವರ್ಷ ಬ್ಯಾಸಿಗ್ಯಾಗ ಜಳಕ ಮಾಡಿಸಿ, ಅವನ ಮೈ ಇನ್ನೂ ಒದ್ದಿ ಇದ್ದಾಗ, ಅಡ್ಡ ತಿರುಗಿ ಎತ್ತಾಕ ಹೋದೆ. ಟೊಂಕದಾಗ ಚಟ್ ಅಂತು. ಹುಡುಗನ್ನ ಬೀಳಿಸ್ಲಿಲ್ಲ, ಅದೊಂದು ಪುಣ್ಯ. ಹನ್ನೊಂದು ದಿನ ಹಾಸಿಗಿ ಹಿಡದೆ. ನಮ್ಮನಿಯವ್ರು ಗಿಣಿಗೇರಿ ಕಡೆ ಫ್ಯಾಕ್ಟರಿಗೆ ಹೋಗ್ತಾರ, ಅವರಿಗೆ ಸಿಕ್ಕಿದ್ದು ನಾಕು ದಿನ ರಜಾ. ಆಮ್ಯಾಲೆ ಕುಷ್ಟಗಿಯಿಂದ ನಮ್ಮವ್ವ ಬಂದ್ಲು. ಉಣಿಸಿದ್ರು, ತಿನಿಸಿದ್ರು, ಎಲ್ಲಾ ಮಾಡಿದ್ರು. ಆದ್ರ ಹುಡುಗನ ಕಾಲು ಹಿಡದು ಎಳೆಯೋ ವ್ಯಾಯಾಮ ಯಾರೂ ಮಾಡ್ಲಿಲ್ಲ, ಮುರದೀತು ಅಂತ ಅಂಜಿಕಿ ಅವರಿಗೆ. ನಾ ಎದ್ದು ನೋಡಿದ್ರ ಬಲ ಮಣಕಾಲು ಮೊದಲಿನಷ್ಟು ಚಾಚಾಕ ಒಲ್ಲದು. ಅದು ತಿರುಗಿ ಬರಾಕ ಮೂರು ವಾರ ಹಿಡೀತು.

ಆವಾಗ ನಮ್ಮ ಫಿಜಿಯೋ ಮೇಡಂ ಒಂದು ಮಾತು ಹೇಳಿದ್ರು. ಅವರು ಬೈದಂಗೇ ಹೇಳಿದ್ದು. "ನೀವು ಮಾಡೋದು ದುಡಿಮಿ, ವ್ಯಾಯಾಮ ಅಲ್ಲ." ವ್ಯಾಯಾಮ ಅಂದ್ರ ಭಾರ ನೀವು ಆರಿಸ್ಕೊಂತೀರಿ, ಸಾವಕಾಶ ಏರಿಸ್ತೀರಿ, ಎರಡೂ ಕಡೆ ಸಮ ಮಾಡ್ತೀರಿ, ನಡುವ ಬಿಡುವು ಕೊಡ್ತೀರಿ. ಮಗನ್ನ ಎತ್ತೋದ್ರಾಗ ಇದೊಂದೂ ಇಲ್ಲ. ಯಾವಾಗ್ಲೂ ಎಡಗಡೆ ಬಗಲಾಗೇ ಹೊತ್ಕೊಂತೀರಿ, ಬಗ್ಗಿ ತಿರುಗಿ ಎತ್ತತೀರಿ, ಅವ ನಡುವ ಮೈ ಬಿಗಿ ಹಿಡದ್ರ ಆ ಜರ್ಕ್ ಎಲ್ಲಾ ನಿಮ್ಮ ಟೊಂಕಕ್ಕ. ನಾ ಅಂದ್ಕೊಂಡೆ, ಖರೇನ. ತಂಗೀ, ನಿಮ್ಮ ಗಂಗಾವತಿ ಅಕ್ಕಿ ಗಿರಣಿ ಹಮಾಲರನ್ನ ನೋಡು. ದಿನಾ ಚೀಲ ಹೊರ್ತಾರ. ಐವತ್ತು ದಾಟಿದ ಮ್ಯಾಲೆ ಅವರ ಬೆನ್ನು ಹ್ಯಾಂಗಿರ್ತೈತಿ? ಮತ್ತ ನಮ್ಮ ಚೀಲ ವರ್ಷಾ ವರ್ಷಾ ಎರಡು ಕೆಜಿ ಜಾಸ್ತಿ ಆಗೋ ಚೀಲ.

ಎದ್ದ ಮ್ಯಾಲೆ ಜೋಶ್‌ನ್ಯಾಗ ಮುಂಜಾನಿ ಐದಕ್ಕ ಗವಿಮಠದ ಕಡೆ ವಾಕಿಂಗ್ ಚಾಲೂ ಮಾಡಿದೆ. ಒಂಬತ್ತು ದಿನ ನಡೀತು. ರಾತ್ರಿ ಒಂದರತನ ಎದ್ದಿರಾಕಿ ಐದಕ್ಕ ಏಳೋದು ಯಾವ ನ್ಯಾಯ? ಆಮ್ಯಾಲೆ ಯೂಟ್ಯೂಬ್ ಹಚ್ಚಿ ಜುಂಬಾ, ಅದೇ ಹಾಡಿಗೆ ಕುಣಿಯೋ ವ್ಯಾಯಾಮ, ಮಾಡಿದೆ. ನಮ್ಮ ಸಾಹೇಬಗ, ಅಂದ್ರ ಮಗಗ, ಜೋರು ಸಪ್ಪಳ ಆಗೂದಿಲ್ಲ, ಡಬ್ ಅಂದ ಕೂಡ್ಲೆ ಕೈಕಾಲು ಸೆಟಿಸ್ತಾನ. ಅದೂ ಬಂದ್. ಅತ್ತಿಯವ್ರು ಮಾತ್ರ ಬಾಳ ನಕ್ಕರು, ಈಗೂ ಬೀಗರು ಬಂದ್ರ ಅದನ್ನ ಮಾಡಿ ತೋರಸ್ತಾರ.

ಕಡೀಕ ಟೈಮ್ ಸಿಕ್ಕಿದ್ದು ಎಲ್ಲಿ ಗೊತ್ತೇನು? ಅವನ ಸ್ಟ್ಯಾಂಡಿಂಗ್ ಫ್ರೇಮಿನ್ಯಾಗ. ಮೇಡಂ ಅಳತಿ ಕೊಟ್ಟಿದ್ರು, ನಮ್ಮ ಓಣಿ ಬಡಿಗ್ಯಾರು ಕಟಗೀಲೆ ಮಾಡಿಕೊಟ್ಟಾರ. ಸಂಜಿಕೆ ಅರ್ಧ ತಾಸು ಅವನ್ನ ಅದರಾಗ ಬೆಲ್ಟ್ ಹಾಕಿ ನಿಲ್ಲಸ್ತೀನಿ. ಬೀಳಂಗಿಲ್ಲ, ಎಲ್ಲೂ ಹೋಗಂಗಿಲ್ಲ. ಮೊದಲ ಆ ಅರ್ಧ ತಾಸಿನ್ಯಾಗ ಓಡಿ ಹೋಗಿ ಬಾಂಡೆ ತಿಕ್ತಿದ್ದೆ. ಈಗ ಅವನ ಎದುರಿಗೇ ನಿಂದರತೀನಿ. ಕುರ್ಚಿ ಮ್ಯಾಲೆ ಕುಂತು ಕೈ ಊರದ ಏಳೋದು, ಅಂದ್ರ ನಮ್ಮ ಬಸ್ಕೀನ, ಹತ್ತು. ಗ್ವಾಡಿಗೆ ಕೈ ಕೊಟ್ಟು ದಂಡಾ, ಹತ್ತು. ನೆಲದ ಮ್ಯಾಲೆ ಮಲಗಿ ಮಣಕಾಲು ಮಡಚಿ ಟೊಂಕ ಮ್ಯಾಲೆತ್ತೋದು, ಹತ್ತು. ಮತ್ತ ಮೊದಲಿಂದ. ಎಣಸೋದು ಅವನ ಕೆಲಸ. ನಾಕು ಆದ ಮ್ಯಾಲೆ ಬೇಕಂತ ಏಳು ಅಂತಾನ, ಕಳ್ಳ. ಬಾಂಡೆ ಬಿದ್ದಿರ್ತಾವ. ಅತ್ತಿಯವ್ರು ಒಂದು ತಿಂಗಳು ಗೊಣಗಿದ್ರು, ಈಗ ಚಾದ ಕಪ್ಪು ತಾವೇ ತೊಳೀತಾರ.

ಇನ್ನೊಂದು ಮಾತು, ನಾಚಿಕಿ ಬಿಟ್ಟು ಹೇಳ್ತೀನಿ. ಮಗನ್ನ ಎತ್ತುವಾಗ, ಕೆಮ್ಮಿದ್ರ, ಸೀನಿದ್ರ ಎರಡು ಹನಿ ಸೀರಿ ಒದ್ದಿ ಆಗೋದು ಎಷ್ಟು ಮಂದಿಗೈತಿ? ನನಗಿತ್ತು. ಹಡದಾಕಿಗೆ ಇರೋದೇ ಅಂತ ಸುಮ್ಮನಿದ್ದೆ, ಮದುವಿ ಮುಂಜಿವಿಗೆ ಹೋಗೋದೂ ಬಿಟ್ಟಿದ್ದೆ. ಅದು ಕೆಳಗಿನ ಸ್ನಾಯು ಸಡಲಾಗಿ ಆಗೋದು, ಅದಕ್ಕೂ ವ್ಯಾಯಾಮ ಐತಿ. ಮೂತ್ರ ತಡದಂಗ ಒಳಗ ಬಿಗಿ ಹಿಡದು ಐದು ಎಣಸಿ ಬಿಡೋದು, ಒಂದು ಸಲಕ್ಕ ಹತ್ತು, ದಿನಕ್ಕ ಮೂರು ಸಲ. ಬಸ್ಸಿನ್ಯಾಗ ಕುಂತಾಗೂ ಮಾಡಬಹುದು, ಯಾರಿಗೂ ತಿಳಿಯಂಗಿಲ್ಲ. (2023ರ ಜೂನಿಂದ ನಮಗ ಟಿಕೆಟ್ ಫ್ರೀ, ಸೀಟ್ ಸಿಗೋದು ಮಾತ್ರ ದೇವರ ಕೈಯಾಗ.) ಎತ್ತುವಾಗ ಉಸಿರು ಕಟ್ಟಬ್ಯಾಡ್ರಿ, ಬಿಡ್ಕೊಂತ ಎತ್ತರಿ. ನನಗ ಮೂರು ತಿಂಗಳಿಗೆ ಫರಕ್ ಗೊತ್ತಾತು. ಕಡಿಮಿ ಆಗಲಿಲ್ಲಂದ್ರ ಲೇಡಿ ಡಾಕ್ಟರಿಗೆ ಬಾಯಿ ಬಿಟ್ಟು ಹೇಳ್ರಿ.

ತಂಗೀ, ಈಗ ನಿಂದು. ನಂದು ನಿಂದು ಬ್ಯಾರೆ. ನನ್ನ ಮಗ ನಿಂತಲ್ಲೇ ಇರ್ತಾನ, ನಿನ್ನ ಮಗ ನಿಂದರೂದೇ ಇಲ್ಲ. ನನ್ನ ಲೆಕ್ಕ ನಿನಗ ಹಂಗೇ ಕೂಡಂಗಿಲ್ಲ.

ಮೊದಲ, ಮುಕ್ಕಾಲು ತಾಸು ಒಂದೇ ಸಲಕ್ಕ ಅನ್ನೋದು ತಲಿಯಾಗಿಂದ ತಗಿ. ವಾರಕ್ಕ ಎಲ್ಲಾ ಸೇರಿ 150 ನಿಮಿಷ ಬಿರಬಿರ ನಡಿಗಿ ಅಂತಾರ, ಮತ್ತ ಎರಡು ದಿನ ಸ್ನಾಯು ಗಟ್ಟಿ ಆಗೋ ವ್ಯಾಯಾಮ. ಮೊದಲ ಕಮ್ಮಿ ಅಂದ್ರೂ ಹತ್ತು ನಿಮಿಷ ಒಟ್ಟಿಗೆ ಆಗಬೇಕು ಅಂತಿತ್ತು, ವಿಶ್ವ ಆರೋಗ್ಯ ಸಂಸ್ಥೆಯವ್ರು 2020ರಾಗ ಅದನ್ನೂ ತಗದು ಹಾಕಿದ್ರು. ಐದು ನಿಮಿಷಾನೂ ಲೆಕ್ಕಕ್ಕೈತಿ. ಉಂಡ ಮ್ಯಾಲೆ ಅಂಗಳದಾಗ ಹತ್ತು ನಿಮಿಷ ತಿರಗಾಡಿದ್ರ ಸಕ್ಕರಿ ಏರೋದು ಕಡಿಮಿ ಆಗ್ತೈತಿ, ನಡೆಯೋ ಕಾಲು ರಕ್ತದಾಗಿನ ಸಕ್ಕರೀನ ಎಳ್ಕೊಂತೈತಿ. ನಡದ್ರ ಏನಾಗ್ತೈತಿ ಬಿಡು ಅನ್ನಬ್ಯಾಡ. ಚೆನ್ನೈದಾಗ ನಿನ್ನಂಗ ಬಾರ್ಡರಿನ್ಯಾಗ ಇದ್ದವರ ಮ್ಯಾಲೆ ಮಾಡಿದ ಅಧ್ಯಯನ 2006ರಾಗ ಬಂದೈತಿ, ಮೇಡಂ ತೋರಿಸಿದ್ರು. ಸುಮ್ಮನಿದ್ದವರಾಗ ಮೂರು ವರ್ಷಕ್ಕ ನೂರಕ್ಕ 55 ಮಂದಿ ಸಕ್ಕರಿ ಕಾಯಿಲೆಗೆ ಬಿದ್ದರ, ನಡಿಗಿ ಮತ್ತ ಊಟ ಸುಧಾರಿಸಿದವರಾಗ 39. ಸಕ್ಕರಿ ಗುಳಿಗಿ (ಮೆಟ್‌ಫಾರ್ಮಿನ್) ತಗೊಂಡವರದ್ದೂ ಹೆಚ್ಚು ಕಡಿಮಿ ಅಷ್ಟೇ.

ರಾತ್ರಿ ಅವ ಎರಡಕ್ಕ ಎಬ್ಬಿಸಿ ನಾಕಕ್ಕ ಮಲಗಿಸಿದ ದಿನ ನಡಿಬ್ಯಾಡ, ಮಲ್ಕೋ. ಇದರಾಗ ನನಗ ಡೌಟೇ ಇಲ್ಲ.

ಅವನ್ನ ಕರ್ಕೊಂಡೇ ಹೋಗಬೇಕಂದ್ರ ದಿನಾ ಅದೇ ಹೊತ್ತು, ಅದೇ ದಾರಿ, ಅದೇ ತಿರುವು. ಇಂಥಾ ಮಕ್ಕಳಿಗೆ ಬದಲಾದ್ರ ತ್ರಾಸು. ಮೇನ್ ರೋಡ್ ಬ್ಯಾಡ, ಕಾಂಪೌಂಡ್ ಇರೋ ಸಾಲಿ ಮೈದಾನ ಕೇಳ್ಕೋ, ಹೆಡ್ ಮಾಸ್ತರಿಗೆ ಹೋಗಿ ಹೇಳಿದ್ರ ಒಲ್ಲೆ ಅನ್ನೂದಿಲ್ಲ. ಅವನ ಕಿಸೆದಾಗ ನಿನ್ನ ನಂಬರ್ ಇರಲಿ. ಅವ ಓಡ್ಲಿ, ನೀ ಹಿಂದಿಂದ ನಡಿ.

ಮತ್ತ ಗಂಡನ್ನ ಕೇಳು. "ಸ್ವಲ್ಪ ನೋಡ್ಕೊಳ್ರಿ" ಅಂತ ಕೇಳಬ್ಯಾಡ, ಅದಕ್ಕ ಅರ್ಥಾನೇ ಇಲ್ಲ. ನಾ ನಮ್ಮನಿಯವರ ಶಿಫ್ಟ್ ಕ್ಯಾಲೆಂಡರ್ ತಗೊಂಡು, ಅದರ ಮ್ಯಾಲೇ ಕೆಂಪು ಪೆನ್ನಿಲೆ ಬರದೆ: ರವಿವಾರ 6ರಿಂದ 6.45, ಹುಡುಗ ನಿಮ್ಮ ಡ್ಯೂಟಿ. ಮೊದಲನೇ ವಾರ ಹತ್ತು ನಿಮಿಷಕ್ಕ ಫೋನ್ ಬಂತು, ಡೈಪರ್ ಎಲ್ಲೈತಿ ಅಂತ. ಎರಡನೇ ವಾರ ಫೋನೇ ಒಯ್ಯಲಿಲ್ಲ ನಾನು. ಗವಿಮಠದ ಕಡೆ ಒಬ್ಬಾಕೆ ನಡೀತೀನಿ, ಕೈ ಎರಡೂ ಬೀಸ್ಕೊಂತ. ಕೈ ಖಾಲಿ ನಡದು ಎಷ್ಟು ವರ್ಷ ಆಗಿತ್ತು ಅನ್ನೋದು ಅವತ್ತ ಗೊತ್ತಾತು ನನಗ.

ಇನ್ನ ಬುಧವಾರದ್ದು. ಮಕ್ಕಳು ಒಳಗ ಥೆರಪಿಗೆ ಹ್ವಾದ್ರ ನಾವು ಮುಕ್ಕಾಲು ತಾಸು ಹೊರಗ ಬೆಂಚಿನ ಮ್ಯಾಲೆ ಕುಂದರತೀವಿ. ಡಾಕ್ಟರ್ ಹೇಳಿದ ಮುಕ್ಕಾಲು ತಾಸು ಅಲ್ಲೇ ಐತಿ ನೋಡು. ಆ ಬೆಂಚು ನಮಗ ಬೇಕು ಅಂತ ನನಗೂ ಗೊತ್ತು, ನಾವು ಅತ್ತಿದ್ದು ನಕ್ಕಿದ್ದು ಎಲ್ಲಾ ಅಲ್ಲೇ. ಅದಕ್ಕ ಮಾತು ಬಿಡೋದು ಬ್ಯಾಡ, ನಡಕೊಂತ ಮಾತಾಡೂಣು. ಆ ಕಟ್ಟಡ ಒಂದು ಸುತ್ತು ಹಾಕಾಕ ನನಗ ಮೂರು ನಿಮಿಷ ಆಗ್ತೈತಿ, ನೋಡೀನಿ. ಹಿಂದಿನ ಕಡೆ ಬೇವಿನ ಗಿಡದ ನೆರಳೂ ಐತಿ. ಈ ಬುಧವಾರ ಆ ಹೈ ಹೀಲ್ ಚಪ್ಪಲ್ ಬಿಟ್ಟು ಬೂಟ್ ಹಾಕ್ಕೊಂಡು ಬಾ, ನಿನ್ನ ಜೋಡಿ ನಾ ನಡೀತೀನಿ. ಉಳಿದವರು ಯಾರು ಯಾರು ಬರ್ತೀರಿ ಇಲ್ಲೇ ಹೇಳ್ರಿ.

ತಡಿ, ಎದ್ದ ನೋಡು ನಮ್ಮ ಸಾಹೇಬ, ಕರಿಯಾಕತ್ಯಾನ. ಬಂದ್ನೆಪಾ, ಬಂದೆ. ಇಡ್ತೀನಿ ತಂಗೀ.