ದಿನವೂ ಓದಿದರೂ ಮುಂದೆ ಹೋಗುತ್ತಿಲ್ಲ, ಯಾವ ಅಭ್ಯಾಸ ಬಿಡಬೇಕು?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು. ಬಿಎ ಮುಗಿದಿದೆ. ಮನೆಯಲ್ಲೇ ಇದ್ದು ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಸರ್ಕಾರಿ ಕೆಲಸ ಬೇಕೇ ಬೇಕು, ಅದರಲ್ಲಿ ಅನುಮಾನವಿಲ್ಲ. ದಿನವೂ ಪುಸ್ತಕ ಹಿಡಿಯುತ್ತೇನೆ. ಆದರೆ ಪರೀಕ್ಷೆಯಲ್ಲಿ ಕೂತಾಗ ಓದಿದ್ದು ನೆನಪಿಗೆ ಬರುವುದಿಲ್ಲ. ಈ ದಾರಿಯಲ್ಲಿ ಹೋದವರು, ಪಾಠ ಮಾಡಿದವರು ದಯವಿಟ್ಟು ಹೇಳಿ. ನಮ್ಮಂಥವರನ್ನು ಹಿಂದಕ್ಕೆ ಎಳೆಯುವ ಅಭ್ಯಾಸಗಳು ಯಾವುವು?

ಉತ್ತರ 1: ತಂಗಿ, ನಾನು ಧಾರವಾಡದ ಸಪ್ತಾಪುರದಲ್ಲಿ ಸಂವಿಧಾನ, ಪಂಚಾಯತ್ ರಾಜ್ ಪಾಠ ಮಾಡುತ್ತೇನೆ. ಯಾರದಾದರೂ ತಯಾರಿ ಹೇಗಿದೆ ಅಂತ ತಿಳಿಯಬೇಕಾದರೆ ಅವರ ಪುಸ್ತಕ ಮುಚ್ಚಿಟ್ಟು ಬದಿಯಿಂದ ನೋಡುತ್ತೇನೆ. ಮೊದಲ ನೂರು ಪುಟದ ಅಂಚು ಬೆರಳು ತಾಗಿ ತಾಗಿ ಮಾಸಿರುತ್ತದೆ. ಅಲ್ಲಿಂದಾಚೆ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಬೆಳ್ಳಗೆ. ಪೀಠಿಕೆ, ಮೂಲಭೂತ ಹಕ್ಕುಗಳು ಬಾಯಿಪಾಠ. ಪಂಚಾಯತ್‌ಗಳ ಬಗ್ಗೆ ಇರುವ 243ನೇ ವಿಧಿ ಕೇಳಿದರೆ ತಡವರಿಸುತ್ತಾರೆ. ಪಿಡಿಒ ಆಗಬೇಕೆನ್ನುವವರಿಗೆ ಪಂಚಾಯತ್‌ಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿ, ಪಂಚಾಯತ್‌ಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಾದ 11ನೇ ಅನುಸೂಚಿಯ 29 ವಿಷಯಗಳು, 1993ರ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ, ಇವು ಮುಖ್ಯ ಅಲ್ವಾ? ಅವೆಲ್ಲ ಇರುವುದು ಆ ಬೆಳ್ಳಗಿನ ಭಾಗದಲ್ಲಿ.

ಇದು ಹೇಗಾಗುತ್ತದೆ ನೋಡು. ಮದುವೆ, ಜಾತ್ರೆ, ಜ್ವರ ಅಂತ ಒಂದು ವಾರ ಓದು ತಪ್ಪುತ್ತದೆ. ವಾಪಸ್ ಬಂದವರು ಬಿಟ್ಟಲ್ಲಿಂದ ಹಿಡಿಯುವುದಿಲ್ಲ. "ಮರೆತುಹೋಗಿದೆ ಸರ್, ಮೊದಲಿಂದ ಶುರು ಮಾಡ್ತೀನಿ" ಅನ್ನುತ್ತಾರೆ. ಹೊಸ ಟೈಮ್‌ಟೇಬಲ್ ಬರೆಯುತ್ತಾರೆ. ಕೆಲವರು ಹೊಸ ಪುಸ್ತಕವನ್ನೇ ಕೊಳ್ಳುತ್ತಾರೆ. ಮೊದಲ ಅಧ್ಯಾಯಗಳು ಗೊತ್ತಿರುವುದರಿಂದ ಓದು ಸರಾಗವಾಗಿ ಹೋಗುತ್ತದೆ, ಮನಸ್ಸಿಗೂ ಹಿತವಾಗಿರುತ್ತದೆ. ಮುಂದಿನ ತಿಂಗಳು ಇನ್ನೊಂದು ಮದುವೆ ಬರುತ್ತದೆ. ನಾನು ಕಂಡ ಮಟ್ಟಿಗೆ ಸೋಮಾರಿತನಕ್ಕಿಂತ ಇದೇ ಜಾಸ್ತಿ ಜನರನ್ನು ಕೆಡಿಸಿದೆ. ಕಷ್ಟಪಟ್ಟು ಓದುವ ಮಕ್ಕಳೇ ಇದರಲ್ಲಿ ಸಿಕ್ಕಿಬೀಳುತ್ತಾರೆ, ನನಗೆ ಅದೇ ಸಂಕಟ. ಅದಕ್ಕೆ, ಓದು ತಪ್ಪಿದರೆ ಪುಸ್ತಕ ಬಿಟ್ಟ ಪುಟದಲ್ಲೇ ತೆಗೆ. ಮರೆತದ್ದನ್ನು ಆಮೇಲೆ ನೋಡಿದರಾಯಿತು.

ಇನ್ನು ನೆನಪಿನ ವಿಷಯ. 2006ರಲ್ಲಿ ಅಮೆರಿಕದ ರೋಡಿಗರ್, ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಲ್ಲಿ ಕೆಲವರು ಪಾಠವನ್ನು ಮತ್ತೆ ಓದಿದರು. ಉಳಿದವರು ಪಾಠ ಪಕ್ಕಕ್ಕಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಬರೆದವರು ಮುಂದಿದ್ದರು. ಓದಿದ ರಾತ್ರಿ ಎಲ್ಲ ಗೊತ್ತು ಅನ್ನಿಸಿ, ಪರೀಕ್ಷೆಯಲ್ಲಿ ಕೈಕೊಡುವುದು ಇದರಿಂದಲೇ. ಹಾಗಾಗಿ ಒಂದು ಗಂಟೆ ಓದಿದ ಮೇಲೆ ಪುಸ್ತಕ ಮುಚ್ಚು. ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರಿ. ಎಲ್ಲಿ ಪೆನ್ನು ನಿಂತಿತೋ ಆ ಭಾಗವನ್ನಷ್ಟೇ ಮತ್ತೆ ಓದು.

ಉತ್ತರ 2: ಸರ್ ಹೇಳಿದ್ದು ನಿಜ. ಆದರೆ ಮನೆಯಲ್ಲಿದ್ದು ಓದುವ ಹೆಣ್ಣುಮಕ್ಕಳ ತೊಂದರೆ ಇನ್ನೂ ಒಂದಿದೆ. ನಾನು ಮದುವೆಯಾದ ಮೇಲೆ ಓದಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಆದವಳು. ಈಗ ತಾಲ್ಲೂಕು ಕಚೇರಿಯಲ್ಲಿದ್ದೇನೆ.

"ಎಲ್ಲ ಕೆಲಸ ಮುಗಿಸಿ ನೆಮ್ಮದಿಯಾಗಿ ಕೂರೋಣ" ಅನ್ನುತ್ತೇವಲ್ಲ, ಆ ಅಭ್ಯಾಸ ಬಿಡಿ. ಮನೆಕೆಲಸ ಮುಗಿಯುವುದೇ ಇಲ್ಲ. ನೆಮ್ಮದಿ ಸಿಗುವ ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತದೆ. ಬೆಳಿಗ್ಗೆ ಮೊದಲು ಓದು, ಆಮೇಲೆ ಕಸ ಮುಸುರೆ. ಇದಕ್ಕೆ ಮನೆಯವರ ಹತ್ತಿರ ಬಾಯಿಬಿಟ್ಟು ಮಾತಾಡಬೇಕು. ಸುಮ್ನೆ ಮುಖ ಸಣ್ಣಗೆ ಮಾಡಿಕೊಂಡರೆ ಯಾರಿಗೂ ಅರ್ಥವಾಗುವುದಿಲ್ಲ. ನಮ್ಮ ಅತ್ತೆಗೆ ಪರೀಕ್ಷೆ ತಾರೀಕು ತೋರಿಸಿ ಕೇಳಿದೆ. ಬೆಳಗಿನ ಕಾಫಿ, ತಿಂಡಿ ಅವರೇ ವಹಿಸಿಕೊಂಡರು.

ಉಳಿದ ಚೂರುಪಾರು ಸಮಯಕ್ಕೆ ಚೀಟಿ ಮಾಡಿಕೊಂಡಿದ್ದೆ. ಹಳೆ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿ, ಹತ್ತತ್ತು ಪ್ರಶ್ನೆಗೆ ಒಂದರಂತೆ ಕತ್ತರಿಸಿ, ಒಲೆ ಪಕ್ಕದ ಸ್ಟೀಲ್ ಲೋಟದಲ್ಲಿ ಇಡುತ್ತಿದ್ದೆ. ಕುಕ್ಕರ್ ಇಟ್ಟ ಕೂಡಲೇ ಒಂದು ಚೀಟಿ ಎತ್ತಬೇಕು. ಸೀಟಿ ಕೂಗುವಷ್ಟರಲ್ಲಿ ಪೆನ್ಸಿಲಲ್ಲಿ ಗುರುತು ಹಾಕಬೇಕು. ಉತ್ತರ ನೋಡುವುದು ರಾತ್ರಿ. "ಇಂಥದ್ದು ಆದ ಕೂಡಲೇ ಇದನ್ನು ಮಾಡುತ್ತೇನೆ" ಅಂತ ಮೊದಲೇ ಗೊತ್ತು ಮಾಡಿಕೊಂಡವರು ಅಂದುಕೊಂಡಿದ್ದನ್ನು ನಡೆಸುವುದು ಜಾಸ್ತಿ ಅಂತ ಪೀಟರ್ ಗೋಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಬರೆದಿದ್ದಾರೆ. ನನಗಂತೂ "ನಾಳೆಯಿಂದ ಚೆನ್ನಾಗಿ ಓದಬೇಕು" ಅನ್ನುವುದಕ್ಕಿಂತ ಆ ಲೋಟವೇ ಕೆಲಸಕ್ಕೆ ಬಂತು.

ಉತ್ತರ 3: ಫೋನ್ ಬಿಟ್ಟುಬಿಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಳ್ಳಿಯಲ್ಲಿ ಕೋಚಿಂಗ್ ಸೆಂಟರ್ ಇಲ್ಲದವರಿಗೆ ಪಾಠ ಸಿಗುವುದೇ ಫೋನಿನಲ್ಲಿ. ಬಿಡಬೇಕಾದದ್ದು ಕಟ್‌ಆಫ್ (ಆಯ್ಕೆಯಾಗಲು ಬೇಕಾದ ಕನಿಷ್ಠ ಅಂಕ) ಎಷ್ಟು ನಿಲ್ಲಬಹುದು, ನೋಟಿಫಿಕೇಶನ್ ಯಾವಾಗ, ಪರೀಕ್ಷೆ ಮುಂದೆ ಹೋಗುತ್ತಾ ಅಂತ ದಿನವಿಡೀ ನಡೆಯುವ ಗ್ರೂಪ್‌ಗಳನ್ನು.

2024ರ ಆಗಸ್ಟ್ 27ರಂದು ನಡೆದ ಕೆಎಎಸ್ (ಕರ್ನಾಟಕ ಆಡಳಿತ ಸೇವೆ) ಪೂರ್ವಭಾವಿ ಪರೀಕ್ಷೆ ನೆನಪಿದೆಯಾ? ಕನ್ನಡ ಪ್ರಶ್ನೆಗಳ ಅನುವಾದದಲ್ಲಿ ತಪ್ಪುಗಳಿದ್ದವು. ಡಿಸೆಂಬರ್ 29ರಂದು ಮತ್ತೆ ಪರೀಕ್ಷೆ ನಡೆಯಿತು. ಕನ್ನಡದಲ್ಲಿ ಬರೆಯುವವರಿಗೆ ಅನ್ಯಾಯವಾಗಿತ್ತು, ಸಿಟ್ಟು ಬಂದದ್ದು ಸರಿಯೇ. ಆದರೆ ನನ್ನ ಜೊತೆ ಓದುತ್ತಿದ್ದ ಕೆಲವರು ಮರುಪರೀಕ್ಷೆ ಘೋಷಣೆಯಾದ ಮೇಲೂ ಅದೇ ಚರ್ಚೆಯಲ್ಲಿ ಕೂತರು. ನಡುವೆ ನಾಲ್ಕು ತಿಂಗಳು ಸಿಕ್ಕಿತ್ತು. ನೋಟಿಫಿಕೇಶನ್ ಬಂದ ಮೇಲೆ ಓದೋಣ ಎನ್ನುವವರದೂ ಇದೇ ಕಥೆ. ಕರೆಯುವುದು ನಮ್ಮ ಕೈಯಲ್ಲಿಲ್ಲ, ಓದುವುದು ಇದೆ.

ಉತ್ತರ 4: ಎಲ್ಲರೂ ಓದುವ ಅಭ್ಯಾಸದ ಬಗ್ಗೆ ಹೇಳಿದ್ದಾರೆ. ಪೇಪರ್ ಬಿಡಿಸಿದ ಮೇಲೆ ನಾವು ಏನು ಮಾಡುತ್ತೇವೆ ಅನ್ನುವುದನ್ನೂ ಸೇರಿಸುತ್ತೇನೆ. ಬಹಳ ಜನ ಅಂಕ ಎಣಿಸಿ, ಬೇಜಾರು ಮಾಡಿಕೊಂಡು, ಪೇಪರ್ ಮಡಿಚಿ ಇಟ್ಟುಬಿಡುತ್ತಾರೆ. ತಪ್ಪಾದದ್ದನ್ನು ಮತ್ತೆ ತೆರೆದು ನೋಡಲು ಮನಸ್ಸಾಗುವುದಿಲ್ಲ.

ಒಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿ. ಗೊತ್ತಿರಲಿಲ್ಲ, ಊಹೆ ಮಾಡಿದೆ, ಗೊತ್ತಿದ್ದೂ ತಪ್ಪು ಓದಿದೆ. ಪ್ರತಿ ತಪ್ಪು ಪ್ರಶ್ನೆಯನ್ನೂ ಒಂದರಲ್ಲಿ ಬರೆಯಿರಿ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಕಾಲು ಭಾಗ ಅಂಕ ಕಳೆಯುತ್ತಾರೆ. ನೂರು ಪ್ರಶ್ನೆಗೂ ಉತ್ತರ ಗುರುತು ಹಾಕಿ 40 ತಪ್ಪಾದರೆ, 60 ಬರಬೇಕಾದ ಕಡೆ 50 ಬರುತ್ತದೆ. ಆ ಹತ್ತು ಅಂಕ ಯಾವ ಕಾಲಂನಿಂದ ಹೋಯಿತು ಅಂತ ಗೊತ್ತಾಗಬೇಕು. ನಾನು ಪೇಪರ್ ನೋಡಿಕೊಟ್ಟ ಬಹಳ ಜನರಲ್ಲಿ ಮೂರನೇ ಕಾಲಂ ಉದ್ದವಾಗಿರುತ್ತಿತ್ತು. "ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ" ಅಂತ ಇರುತ್ತದೆ. ಅವಸರದಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಿರುತ್ತಾರೆ. ಅದಕ್ಕೆ ಇನ್ನಷ್ಟು ಓದಿ ಪ್ರಯೋಜನವಿಲ್ಲ. "ಅಲ್ಲ" ಇರುವ ಕಡೆ ಅಡಿಗೆರೆ ಎಳೆದು ಮುಂದೆ ಹೋಗುವುದನ್ನು ರೂಢಿ ಮಾಡಿಕೊಳ್ಳಬೇಕು.

ಈ ಭಾನುವಾರ ಒಂದು ಹಳೆ ಪಿಡಿಒ ಪೇಪರ್ ಅನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬಿಡಿಸಿ ನೋಡಿ. ಮೂರೂ ಕಾಲಂನಲ್ಲಿ ಎಷ್ಟೆಷ್ಟು ಬಂತು ಅಂತ ಇಲ್ಲೇ ಬರೆಯಿರಿ. ಪಂಚಾಯತ್ ರಾಜ್ ಭಾಗದಲ್ಲಿ ಎಡವಿದ್ದರೆ ಸಪ್ತಾಪುರದ ಸರ್ ಇದ್ದಾರೆ, ಲೆಕ್ಕ ಮತ್ತು ರೀಸನಿಂಗ್‌ನಲ್ಲಾದರೆ ನಾನು ಬಿಡಿಸಿ ತೋರಿಸುತ್ತೇನೆ.