ಸಹಾಯ ಬೇಕು: ಕೊಡಗಿನ ಮಾಟ-ಮಂತ್ರದ ಹಳೇ ಕಥೆಗಳು

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಕಡೆಯ ಕಾಫಿ ತೋಟದಲ್ಲಿ ನಡೆಯುವ ಮಾಟಗಾತಿಯ ಕಾದಂಬರಿ ಬರೆಯುತ್ತಿದ್ದೇನೆ. ಪೊರಕೆ, ಚೂಪು ಟೋಪಿ ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗೆ ಹೊಂದಲ್ಲ, ಅಲ್ವಾ? ಹೊರಗಿನ ಇತಿಹಾಸ ಒಂದಿಷ್ಟು ಓದಿದ್ದೇನೆ. ಕಥೆಗಳಲ್ಲಿ ಮಾಟಗಾತಿಯರನ್ನು ಸುಡೋದೇ ಜಾಸ್ತಿ. ಆದರೆ ಅಮೆರಿಕದ ಸೇಲಂನಲ್ಲಿ 1692ರಲ್ಲಿ 19 ಜನರನ್ನು ಗಲ್ಲಿಗೇರಿಸಿದರು, ಒಬ್ಬರನ್ನೂ ಸುಡಲಿಲ್ಲ. ಅವರಲ್ಲಿ ಗಂಡಸರೂ ಇದ್ದರು!

ನನಗೆ ಬೇಕಿರೋದು ಇಲ್ಲಿಯದು. ಮಾಟ ಮಾಡಿಸಿದ್ದಾರೆ ಅಂತ ಅನುಮಾನ ಬಂದರೆ ಹಿಂದೆ ಯಾರ ಹತ್ತಿರ ಹೋಗುತ್ತಿದ್ದರು? ನಿಂಬೆಹಣ್ಣು, ಕುಂಕುಮ ಬಿಟ್ಟು ಅಂಗಳದಲ್ಲಿ ಇನ್ನೇನು ಸಿಗುತ್ತಿತ್ತು? ಮಂತ್ರವಾದಿ ಹೇಳಿದಂತೆ ಕಾಟ ಕೊಡುತ್ತದೆ ಅಂತ ನಂಬುವ ಕುಟ್ಟಿಚಾತ ಎಂಬ ದೈವದ ಕಥೆ ಅಜ್ಜಿ-ತಾತನಿಂದ ಕೇಳಿದವರು ದಯವಿಟ್ಟು ಬರೆಯಿರಿ. ಆರೋಪ ಹೊತ್ತ ಹೆಂಗಸಿನ ಕಡೆಯ ಮಾತು ಸಿಕ್ಕರಂತೂ ಇನ್ನೂ ಒಳ್ಳೆಯದು. ಯಾವ ಮನೆತನದ ಹೆಸರೂ ಬೇಡ, ಸುಮ್ನೆ ಜಗಳವಾಗುತ್ತದೆ.