ಪದ ಬೇಕು: 'ತುರ್ತು ಗರ್ಭನಾಶಕ ಮಾತ್ರೆ' ತೆಗೆದು ಏನು ಬರೆಯೋಣ?

ಬಾಗಲಕೋಟೆಯಿಂದ:
ಬಾದಾಮಿ ತಾಲೂಕಿನ ಒಂದು ಆರೋಗ್ಯ ಉಪಕೇಂದ್ರದ ಗೋಡೆಬರಹಕ್ಕೆ ಪದ ಬೇಕಾಗಿದೆ, ನಾಳೆ ಮುಂಜಾನೆ ಪೇಂಟರ್ ಬರ್ತಾನ. ಕೂಡಿದ ಮೇಲೆ ಬಸಿರು ನಿಲ್ಲದಿರಲೆಂದು ನುಂಗುವ ಲೆವೊನೊರ್ಜೆಸ್ಟ್ರೆಲ್ 1.5 ಮಿಲಿಗ್ರಾಂನ ಒಂಟಿ ಗುಳಿಗೆಯನ್ನು ಕರಡಿನಲ್ಲಿ 'ತುರ್ತು ಗರ್ಭನಾಶಕ ಮಾತ್ರೆ' ಎಂದಿದ್ದಾರೆ. 'ಮರುದಿನದ ಮಾತ್ರೆ' ನಡೆದೀತೇ? ಪಕ್ಕದಲ್ಲೇ ಬಸಿರು ತಡೆಯಲು ದಿನಾ ನುಂಗುವ ಮಾಲಾ-ಎನ್ ಗುಳಿಗೆ ಬರುತ್ತದೆ, ಅದಕ್ಕೂ ಬೇರೆ ಹೆಸರು ಬೇಕು.

ವಿಜಯಪುರದಿಂದ:
'ನಾಶಕ' ಅಳಿಸಿರಿ, ಚರ್ಚೆ ಬೇಡ. ನಾಶ ಮಾಡಲು ಅಲ್ಲಿ ಗರ್ಭವೇ ಇರುವುದಿಲ್ಲ. ಈ ಗುಳಿಗೆಯ ಮುಖ್ಯ ಕೆಲಸ ಅಂಡಾಶಯದಿಂದ ತತ್ತಿ ಹೊರಬೀಳುವುದನ್ನು ಮುಂದೂಡುವುದು. ವೀರ್ಯಾಣು ಒಳಗೆ ಐದು ದಿನದವರೆಗೆ ಬದುಕೀತು. ಅಷ್ಟರಲ್ಲಿ ತತ್ತಿ ಸಿಗದಿದ್ದರೆ ಬಸಿರಿಲ್ಲ. ತತ್ತಿ ಆಗಲೇ ಬಿದ್ದಿದ್ದರೆ, ಅಥವಾ ಅದನ್ನು ಬೀಳಿಸುವ ಎಲ್‌ಎಚ್ ಹಾರ್ಮೋನು ಏರತೊಡಗಿದ್ದರೆ, ಗುಳಿಗೆಯ ಕೈಲಾಗದು. ಗರ್ಭ ನಿಂತ ಮೇಲೆ ನುಂಗಿದರೆ ಅದು ಇಳಿಯುವುದೂ ಇಲ್ಲ, ಕೂಸಿಗೆ ಧಕ್ಕೆಯೂ ಇಲ್ಲ. ಗರ್ಭಪಾತಕ್ಕೆ ಕೊಡುವ ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಬೇರೆಯೇ ಔಷಧ. ಮಂದಿ ಎರಡನ್ನೂ 'ಹೊಟ್ಟಿ ತಗಸೋ ಗುಳಗಿ' ಅಂತಾರ. ಗೋಡೆಯೂ ಹಾಗೇ ಹೇಳಿದರೆ ಬೇಕಾದವಳು ಅಂಜಿ ಕೇಳುವುದೇ ಇಲ್ಲ.

'ಮರುದಿನದ' ಅಂತೂ ಬೇಡ. ಓದಿದವಳು ಬೆಳಗಾಗಲಿ ಎಂದು ಕಾಯುತ್ತಾಳೆ, ಇಲ್ಲವೇ ಎರಡನೇ ದಿನಕ್ಕೆ ಹೊತ್ತು ಮೀರಿತೆಂದು ಕೈಬಿಡುತ್ತಾಳೆ. ಕೂಡಿದ ಮೇಲೆ 72 ಗಂಟೆ ಅವಕಾಶವಿದೆ, ಬೇಗ ನುಂಗಿದಷ್ಟೂ ಫಲ ಹೆಚ್ಚು.

ಬೆಳಗಾವಿಯಿಂದ:
'ಬಸಿರುತಡೆ'. ಮುಗೀತು. ಬಸಿರು ಅಚ್ಚಗನ್ನಡ, ತಮಿಳಿನ 'ವಯಿಱು' ಅದರ ಒಡಹುಟ್ಟು, ಮೂಲದಲ್ಲಿ ಹೊಟ್ಟೆ ಎಂದರ್ಥ. 'ಗರ್ಭನಿರೋಧಕ' ಎಂಬ ಹೊರೆ ಯಾಕೆ ಹೊರಬೇಕು? 'ಗರ್ಭ' ಬಿಡಲಾಗದಿದ್ದರೆ ತದ್ಭವ ಇದೆಯಲ್ಲ, 'ಗಬ್ಬತಡೆ' ಅನ್ನಿ.

ವಿಜಯಪುರದಿಂದ:
ಗಬ್ಬ ನಮ್ಮಲ್ಲಿ ಎಮ್ಮಿ, ಆಕಳಿಗೆ. ಹೆಣ್ಣುಮಕ್ಕಳು ಓದುವ ಗೋಡೆಗಲ್ಲ. ಪ್ಯಾಕೆಟ್ಟಿನ ಮೇಲೆ, ಆಶಾ ಕಾರ್ಯಕರ್ತೆಯರ ಬಾಯಲ್ಲಿ ಈಗಾಗಲೇ ಇರುವ 'ಗರ್ಭನಿರೋಧಕ' ಬಿಟ್ಟು ಹೊಸ ನಾಣ್ಯ ಟಂಕಿಸಬೇಡಿರಿ.

ಗೋಕಾಕದಿಂದ:
ಬಾಯಲ್ಲಿ ಇದೆ, ಖರೆ. ಆದರೆ ಬೇರೆ ಅರ್ಥದಲ್ಲಿ. 1968ರಿಂದ ಸರಕಾರ ಹಂಚಿದ ಕಾಂಡೋಮಿನ ಹೆಸರು 'ನಿರೋಧ್'. ಹಳೇ ಮಂದಿಗೆ ಆ ಪದ ಕೇಳಿದರೆ ಅದೇ ಹೊಳೆಯುತ್ತದೆ. ಬಸಿರುತಡೆಗೆ ನನ್ನ ಮತ.

ಆದರೆ ಮುಂದಿನ ಪದ ಇನ್ನೂ ಮುಖ್ಯ. ಮಾಲಾ-ಎನ್‌ಗೆ 'ದಿನಾ ನುಂಗುವ' ಎಂದೇ ಬರೆಯಿರಿ, ಬರೀ 'ಗುಳಿಗೆ' ಸಾಲದು. ಅದೇ ಕೇಂದ್ರದಲ್ಲಿ ಛಾಯಾ ಎಂಬ ಇನ್ನೊಂದು ಬಸಿರುತಡೆ ಗುಳಿಗೆ ಕೂಡ ಇರುತ್ತದೆ: ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಹೆಸರು ಕಲೆತರೆ ದಿನದ್ದನ್ನು ವಾರಕ್ಕೊಮ್ಮೆ ನುಂಗುತ್ತಾರೆ. ಮಾಲಾ-ಎನ್ ಪಟ್ಟಿಯಲ್ಲಿ 28: ಹಾರ್ಮೋನಿನವು 21, ಕಬ್ಬಿಣದವು 7. ತತ್ತಿ ತಡೆಯುವವು ಆ 21. ಗರ್ಭಕೊರಳಿನ ಲೋಳೆಯನ್ನೂ ಅವು ಗಟ್ಟಿಮಾಡುತ್ತವೆ. ಕಬ್ಬಿಣದವನ್ನು ಬಿಟ್ಟವರು ಎಣಿಕೆ ತಪ್ಪಿ ಹೊಸ ಪಟ್ಟಿಯನ್ನು ತಡವಾಗಿ ಶುರುಮಾಡುತ್ತಾರೆ. ಬಸಿರು ನಿಲ್ಲುವ ಅಪಾಯ ಹೆಚ್ಚುವುದು ಅಲ್ಲೇ, ಏಕೆಂದರೆ ಹಾರ್ಮೋನಿಲ್ಲದ ಅಂತರ ಏಳು ದಿನ ದಾಟಿದರೆ ಅಂಡಾಶಯ ಎಚ್ಚರಾಗುತ್ತದೆ.

ಬೆಳಗಾವಿಯಿಂದ:
'ತುರ್ತು' ಮರಾಠಿಯ 'ತೂರ್ತ'. ಗಡಿಯಲ್ಲಿ ಕೂತವರಾದರೂ ಇದನ್ನು ಗಮನಿಸಬೇಡವೇ?

ವಿಜಯಪುರದಿಂದ:
ಬಂದ ದಾರಿ ಯಾವುದಾದರೇನು, ಆಸ್ಪತ್ರೆಯ ಬಾಗಿಲ ಮೇಲೆ ಓದಿ ಕಲಿತ ಪದ ಅದು. ಹಾಗೆ ನೋಡಿದರೆ ನೀವು ಬರೆದ 'ತದ್ಭವ'ವೇ ಸಂಸ್ಕೃತ. 'ತುರ್ತು' ತೆಗೆದರೆ ಇದನ್ನೂ ದಿನಾ ನುಂಗುತ್ತಾರೆ. ಮುಟ್ಟು ಏರುಪೇರಾಗುತ್ತದೆ, ಮಾಲಾ-ಎನ್‌ನಷ್ಟು ಭದ್ರತೆಯೂ ಸಿಗುವುದಿಲ್ಲ.

ಬಾಗಲಕೋಟೆಯಿಂದ:
ಇಷ್ಟು ಬರೆಸುತ್ತೇನೆ: 'ತುರ್ತು ಬಸಿರುತಡೆ ಗುಳಿಗೆ. 72 ಗಂಟೆಯೊಳಗೆ, ಎಷ್ಟು ಬೇಗ ಅಷ್ಟು ಒಳ್ಳೆಯದು. ಒಂದೇ ಗುಳಿಗೆ. ಎರಡು ತಾಸಿನೊಳಗೆ ವಾಂತಿಯಾದರೆ ಇನ್ನೊಂದು. ಮುಟ್ಟು ಒಂದು ವಾರ ತಡವಾದರೆ ತಪಾಸಣೆ.' ಕೆಳಗೆ: 'ದಿನಾ ನುಂಗುವ ಬಸಿರುತಡೆ ಗುಳಿಗೆ, ಮಾಲಾ-ಎನ್.'

ಗೋಕಾಕದಿಂದ:
'ತಪಾಸಣೆ' ಬೇಡ, 'ಬಸಿರು ಪರೀಕ್ಷೆ' ಅನ್ನಿ. ಕ್ಷಯದ ರಿಫಾಂಪಿಸಿನ್ ನುಂಗುವವರಲ್ಲಿ ಎರಡೂ ಗುಳಿಗೆಗಳ ಬಲ ಕುಗ್ಗುತ್ತದೆ, ಜಾಗವಿದ್ದರೆ 'ಟಿಬಿ ಔಷಧ ನುಂಗುವವರು ಮೊದಲು ನರ್ಸ್ ಅಕ್ಕನನ್ನು ಕೇಳಿರಿ' ಅಂತ ಒಂದು ಸಾಲು ಸೇರಿಸಿರಿ.